ಖಾಲಿ ಬಸ್ಸಿನ ಹುಯಿಯಾ

ಹುಯಿಯಾ ಪೊಹಾತು ಇಪ್ಪತ್ತೆರಡು ವರ್ಷ ನಮ್ಮೂರ ಶಾಲೆಯ ಬಸ್ಸು ಓಡಿಸಿದಳು. ಅಷ್ಟೂ ವರ್ಷ ಬೆಳಿಗ್ಗೆ ಏಳು ಗಂಟೆಗೆ ನನ್ನ ಅಂಗಡಿಗೆ ಬಂದು, ಮಾಂಸ ತುಂಬಿ ಬೇಯಿಸಿದ ಒಂದು ಪೈ ತೆಗೆದುಕೊಂಡು, ಬಿಸಿ ಸಾಲದೆಂದು ಗೊಣಗಿ, ಸೇತುವೆಯ ಕಡೆ ಹೋದಳು. ಪೈ ಯಾವತ್ತೂ ಬಿಸಿಯಾಗಿಯೇ ಇರುತ್ತಿತ್ತು. ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ನಾನು ವಿಲ್ಮಾ. ವೈಕೋರಾ ಹೊಳೆಯ ಈ ದಂಡೆಯಲ್ಲಿ, ಸೇತುವೆಯಿಂದ ನೂರು ಹೆಜ್ಜೆ ದೂರಕ್ಕೆ ನನ್ನ ಅಂಗಡಿ. ಹಾಲು, ಬ್ರೆಡ್ಡು, ಅಂಚೆ, ಪೆಟ್ರೋಲು ಎಲ್ಲ ಸಿಗುತ್ತದೆ. ಊರಿನ ಸುದ್ದಿಯೂ ಸಿಗುತ್ತದೆ, ಅದಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುವುದಿಲ್ಲ. ನನ್ನ ಬಾಯಿ ದೊಡ್ಡದು ಅಂತ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಹೊಳೆಯ ಸದ್ದಿನ ಮೇಲೆ ಕೇಳಿಸಬೇಕಾದರೆ ದೊಡ್ಡ ಬಾಯಿಯೇ ಬೇಕು.

ನಮ್ಮ ಸೇತುವೆ ಮರದ್ದು. ಒಂದು ಗಾಡಿ ಹೋಗುವಷ್ಟೇ ಅಗಲ. ಅದು ಹಳೆಯದಾದ ಹಾಗೆಲ್ಲ ಅದರ ಮುಂದಿನ ಫಲಕದಲ್ಲಿ ಬರೆದ ತೂಕ ಕಡಿಮೆಯಾಗುತ್ತಾ ಬಂತು. ಕೊನೆಗೆ ಹೇಗಾಯಿತೆಂದರೆ, ಶಾಲೆಯ ಬಸ್ಸು ಖಾಲಿ ಇದ್ದರೆ ಆ ತೂಕದೊಳಗೆ, ಮಕ್ಕಳು ಕೂತರೆ ಅದರಾಚೆ. ಶಾಲೆ ಈ ದಂಡೆಯಲ್ಲಿ, ಹದಿನಾಲ್ಕು ಮಕ್ಕಳ ಮನೆ ಆ ದಂಡೆಯ ಕಣಿವೆಯಲ್ಲಿ. ಅದಕ್ಕೆ ಹುಯಿಯಾ ಒಂದು ಕ್ರಮ ಮಾಡಿಕೊಂಡಿದ್ದಳು. ಸೇತುವೆ ಬಂದ ಕೂಡಲೇ ಬಸ್ಸು ನಿಲ್ಲಿಸುತ್ತಿದ್ದಳು. ಮಕ್ಕಳು ಇಳಿದು, ಜೋಡಿ ಜೋಡಿಯಾಗಿ ಕೈ ಹಿಡಿದು ನಡೆದು ದಾಟುತ್ತಿದ್ದರು. ಅವರೆಲ್ಲ ಆಚೆ ತಲುಪಿದ ಮೇಲೆ ಇವಳು ಖಾಲಿ ಬಸ್ಸನ್ನು ಮೆಲ್ಲಗೆ ದಾಟಿಸಿ ಮತ್ತೆ ಹತ್ತಿಸಿಕೊಳ್ಳುತ್ತಿದ್ದಳು. ಇನ್ನೊಂದು ಬಸ್ಸು ಕೊಡಿ, ಆ ಕಡೆಗೊಂದು ಈ ಕಡೆಗೊಂದು ಇರಲಿ ಎಂದು ಸರ್ಕಾರವನ್ನು ಕೇಳಿದ್ದೆವು. ಹೊಸ ಸೇತುವೆ ಬಂದಾಗ ಅದರ ಅಗತ್ಯವೇ ಇರುವುದಿಲ್ಲ ಎಂದು ಉತ್ತರ ಬಂತು. ಹೊಸ ಸೇತುವೆ ಯಾವಾಗ ಎಂದು ಕೇಳಿದರೆ ಉತ್ತರವೇ ಇಲ್ಲ.

ಮಕ್ಕಳು ನಡೆಯುವುದನ್ನು ಕಂಡು ದೊಡ್ಡವರಿಗೂ ನಾಚಿಕೆಯಾಯಿತೋ ಏನೋ, ಮುದಿ ಹಲಗೆಗೆ ಬಸ್ಸಿನ ಭಾರವೇ ಸಾಕು ಎಂದು ಕಾರಿನವರೂ ನಡೆಯಲು ಶುರು ಮಾಡಿದರು. ಕಣಿವೆಯ ಮನೆಮನೆಗೂ ಎರಡು ಕಾರು ಬಂತು. ಒಳ್ಳೆಯದು ಈ ದಂಡೆಯಲ್ಲಿ, ಹಳೆಯ ಡಬ್ಬ ಆ ದಂಡೆಯಲ್ಲಿ. ಸೇತುವೆಯ ಎರಡೂ ತುದಿಗೆ ಕೈಗಾಡಿಗಳನ್ನು ಇಟ್ಟಿದ್ದೆವು. ಹಿಟ್ಟಿನ ಚೀಲ, ಗ್ಯಾಸು, ಕುರಿಮರಿ, ಒಮ್ಮೆ ಒಂದು ಫ್ರಿಜ್ಜು, ಎಲ್ಲ ಅದರಲ್ಲೇ ದಾಟಿದವು. ತೀರಾ ತುರ್ತಿದ್ದರೆ ಮಾತ್ರ ಯಾರಾದರೂ ಒಬ್ಬರೇ ಕೂತು ಕಾರು ಓಡಿಸಿ ದಾಟುತ್ತಿದ್ದರು. ನಮಗೆ ಇದೆಲ್ಲ ಎಷ್ಟು ರೂಢಿಯಾಗಿತ್ತೆಂದರೆ, ಇದನ್ನು ಹೊರಗಿನವರಿಗೆ ಹೇಳಬೇಕು ಅನ್ನುವುದೇ ಹೊಳೆಯಲಿಲ್ಲ.

ಆಮೇಲೆ ಆ ಕಾಗದ ಬಂತು. ರಾಜಧಾನಿ ವೆಲಿಂಗ್ಟನ್ನಿನಲ್ಲಿ ಒಂದು ಕಚೇರಿ. ಅದರ ಹೆಸರು ಲಕೋಟೆಯ ಮೇಲೆ ಎರಡು ಸಾಲು ತುಂಬಿತ್ತು. ದೇಶದಲ್ಲಿ ಯಾವ ರಸ್ತೆ, ಯಾವ ಸೇತುವೆ, ಯಾವ ನೀರಿನ ಕೊಳವೆ ಮೊದಲು ಆಗಬೇಕು, ಯಾವುದು ಆಮೇಲೆ ಎಂದು ಸರ್ಕಾರಕ್ಕೆ ಸಲಹೆ ಕೊಡುವುದು ಅದರ ಕೆಲಸ. ನಾವು ಅದನ್ನು ಸಲಹೆ ಕಚೇರಿ ಎಂದೇ ಕರೆದೆವು. ಮುಂದಿನ ಹತ್ತು ವರ್ಷದ ಆದ್ಯತಾ ಪಟ್ಟಿ ತಯಾರಾಗುತ್ತಿದೆ, ಅಕ್ಟೋಬರಿನ ಎರಡನೇ ವಾರ ನಮ್ಮ ಅಧಿಕಾರಿ ನಿಮ್ಮ ಸೇತುವೆ ನೋಡಲು ಬರುತ್ತಾರೆ ಎಂದು ಬರೆದಿದ್ದರು.

ಆ ಹೊತ್ತಿಗೆ ಇನ್ನೊಂದು ಸುದ್ದಿ ಗೊತ್ತಾಗಿತ್ತು. ಹೊಸ ಸೇತುವೆ ಪಟ್ಟಿಗೆ ಸೇರದೆ ಹೋದರೆ ಬರುವ ವರ್ಷದ ಕೊನೆಗೆ ಫಲಕದ ತೂಕ ಮತ್ತೆ ಇಳಿಯುತ್ತದೆ, ಆಗ ಖಾಲಿ ಬಸ್ಸೂ ದಾಟುವ ಹಾಗಿಲ್ಲ. ಬಸ್ಸು ನಿಂತರೆ ಮಕ್ಕಳಿರುವ ಮನೆಗಳು ಕಣಿವೆ ಬಿಟ್ಟು ಪೇಟೆಗೆ ಹೋಗುತ್ತವೆ. ಹುಯಿಯಾ ಹುಟ್ಟಿದ್ದು ಆ ಕಣಿವೆಯಲ್ಲೇ. ಅವಳ ಬಸ್ಸಿನಲ್ಲಿ ಓದಲು ಹೋದವರು ಈಗ ತಮ್ಮ ಮಕ್ಕಳನ್ನು ಅದೇ ಬಸ್ಸಿಗೆ ಹತ್ತಿಸುತ್ತಿದ್ದರು. ಆ ಸುದ್ದಿ ಕೇಳಿದ ಬೆಳಿಗ್ಗೆ ಅವಳು ಪೈ ಬಗ್ಗೆ ಗೊಣಗಲೇ ಇಲ್ಲ. ನನಗೆ ಹೆದರಿಕೆಯಾಯಿತು.

ಈಗ ನಾನು ಮಾಡಿದ ಘನಕಾರ್ಯ ಹೇಳಬೇಕು. ಮುಚ್ಚಿಟ್ಟು ಪ್ರಯೋಜನವಿಲ್ಲ, ಊರಿಗೆಲ್ಲ ಗೊತ್ತಿದೆ. ಊರವರೆಲ್ಲ ಕೂಡುವ ಮರೈ ಅಂಗಳದ ಊಟದ ಮನೆಯಲ್ಲಿ ಸಭೆ ಸೇರಿದಾಗ ನಾನೇ ಎದ್ದು ನಿಂತು ಹೇಳಿದೆ, ಅತಿಥಿ ಯಾವ ದಿನ ಬರುತ್ತಾನೋ ಗೊತ್ತಿಲ್ಲ, ಅವನು ಸೇತುವೆಯ ಮೇಲಿದ್ದಾಗ ಯಾರದೋ ಗಾಡಿ ಬಂದು ಹಲಗೆ ಮುರಿದರೆ ಊರಿನ ಮಾನ ಏನಾಗಬೇಕು, ಆ ವಾರ ಪೂರ್ತಿ ಬಸ್ಸು ಬಿಟ್ಟು ಒಂದು ಚಕ್ರವೂ ಸೇತುವೆ ಹತ್ತುವುದು ಬೇಡ ಎಂದು. ಎಲ್ಲರೂ ತಲೆಯಾಡಿಸಿದರು. ಬಂದವರಿಗೆ ದಾರಿ ಬಿಟ್ಟು, ಮೊದಲು ಉಣ್ಣಲು ಹಾಕಿ, ಆಮೇಲೆ ಕಷ್ಟ ಹೇಳುವುದು ನಮ್ಮ ಪದ್ಧತಿ. ಕೈಗಾಡಿಗಳನ್ನೂ ನನ್ನ ಕೊಟ್ಟಿಗೆಗೆ ತಳ್ಳಿಸಿದೆ, ನೋಡುವುದಕ್ಕೆ ಚೆನ್ನಾಗಿರುವುದಿಲ್ಲವೆಂದು. ಹಲಗೆ ಗುಡಿಸಿದೆವು. ಕಂಬಿಗಳಿಗೆ ಬಿಳಿ ಬಣ್ಣ ಬಳಿದೆವು. ಮುದಿ ಸೇತುವೆ ಮದುಮಗಳ ಹಾಗೆ ಕಾಣುತ್ತಿತ್ತು.

ಸೋಮವಾರ ಒಬ್ಬ ಮನುಷ್ಯ ಬಂದು ಸೇತುವೆಯ ಬಾಯಿಗೆ ಅಡ್ಡಲಾಗಿ ಒಂದು ಕಪ್ಪು ರಬ್ಬರ್ ಕೊಳವೆ ಹಾಸಿ, ಪಕ್ಕದಲ್ಲಿ ಒಂದು ಪೆಟ್ಟಿಗೆ ಕಟ್ಟಿದ. ಅದು ದಾಟುವ ಗಾಡಿಗಳನ್ನು ಎಣಿಸುವ ಯಂತ್ರವೆಂದು ನಮಗೆ ತಿಳಿದದ್ದು ಆಮೇಲೆ. ಹೆಸರು ಹೆಡ್ಲಿ ರಂಬೋಲ್ಡ್. ಐವತ್ತು ದಾಟಿದ ಇಂಜಿನಿಯರು, ಉದ್ದ ಕುತ್ತಿಗೆ, ಮಾತು ಕಡಿಮೆ. ಆ ದಿನ ಕಾರಿನಲ್ಲಿ ಆಚೆ ಹೋಗಿ ಈಚೆ ಬಂದ, ಮುಂದಿನ ಸೋಮವಾರ ಪೆಟ್ಟಿಗೆ ಬಿಚ್ಚಲು ಬಂದಾಗ ಮತ್ತೆ ಹೋಗಿ ಬಂದ. ಎರಡೂ ಸಲ ಮರೈಯಲ್ಲಿ ಅವನಿಗೆ ಬಿಳಿಮೀನಿನ ಆಮ್ಲೆಟ್ಟು, ಕರಿದ ರೊಟ್ಟಿ, ಹಂದಿಮಾಂಸ ಹಾಕಿ, ಅವನು ಬೆಲ್ಟು ಸಡಿಲ ಮಾಡಿಕೊಳ್ಳುವ ತನಕ ಬಡಿಸಿದೆವು. ಕಷ್ಟ ಹೇಳುವಷ್ಟರಲ್ಲಿ ಅವನಿಗೆ ಹೊರಡುವ ಹೊತ್ತಾಗಿತ್ತು. ಸೇತುವೆ ಯಾವಾಗ ಕಟ್ಟುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ, ನಾವು ಕಟ್ಟುವುದಿಲ್ಲ, ಸಲಹೆ ಮಾತ್ರ ಕೊಡುತ್ತೇವೆ ಎಂದ. ಹುಯಿಯಾ ತಟ್ಟೆ ತೊಳೆಯುತ್ತಾ ನನ್ನ ಕಿವಿಯಲ್ಲಿ, “ಸಲಹೆಗೇನು ಇಲ್ಲಿ ಬರ ಇದ್ಯಾ? ನೀನೊಬ್ಬಳೇ ಸಾಕು” ಅಂದಳು.

ಫೆಬ್ರವರಿಯಲ್ಲಿ ಪಟ್ಟಿಯ ಕರಡು ಬಂತು. ಅಂಚೆ ನನ್ನ ಅಂಗಡಿಗೇ ಬರುವುದಲ್ಲವೆ, ಮೊದಲು ಓದಿದವಳು ನಾನೇ. ನಮ್ಮ ಸೇತುವೆ ಪಟ್ಟಿಯ ಹೊರಗೆ. ಕಾರಣವನ್ನೂ ಬರೆದಿದ್ದರು. ಒಂದು ವಾರದಲ್ಲಿ ದಾಟಿದ ವಾಹನ ಇಪ್ಪತ್ತನಾಲ್ಕು. ಆಚೆಗೆ ಜನರ ಓಡಾಟ ಕಡಿಮೆ. ಸೇತುವೆಯ ಬಳಿ ನಿಂತಿದ್ದ ಕಾರುಗಳು ಮೀನು ಹಿಡಿಯಲು ಬಂದವರವು. ಆ ದಂಡೆಯಲ್ಲಿ ಕೆಲವು ಹಳೆಯ ವಾಹನಗಳನ್ನು ಎಸೆಯಲಾಗಿದೆ. ಕಟ್ಟುವ ವೆಚ್ಚಕ್ಕೆ ತಕ್ಕ ಪ್ರಯೋಜನ ಕಾಣುವುದಿಲ್ಲ.

ಇಪ್ಪತ್ತನಾಲ್ಕರಲ್ಲಿ ಇಪ್ಪತ್ತು ಹುಯಿಯಾಳ ಬಸ್ಸು, ದಿನಕ್ಕೆ ನಾಲ್ಕರಂತೆ ಐದು ದಿನ. ಉಳಿದ ನಾಲ್ಕು ಹೆಡ್ಲಿಯದೇ ಕಾರು. ನನ್ನ ಕೈಯಾರೆ ಬಳಿದ ಬಿಳಿ ಬಣ್ಣ ಕಣ್ಣಿಗೆ ಕಟ್ಟಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ. ನಾನೊಬ್ಬಳೇ ಬಿದ್ದಿದ್ದರೆ ಚಿಂತೆಯಿರಲಿಲ್ಲ, ಹದಿನಾಲ್ಕು ಮಕ್ಕಳನ್ನೂ ಎಳೆದುಕೊಂಡು ಬಿದ್ದಿದ್ದೆ. ಅಂಗಡಿಯ ಹಿಂದೆ ಹೋಗಿ ಅತ್ತೆ.

ಕರಡಿನ ಬಗ್ಗೆ ಜನರ ಮಾತು ಕೇಳಲು ಮಾರ್ಚಿನಲ್ಲಿ ಹೆಡ್ಲಿ ಮತ್ತೆ ಬರುವವನಿದ್ದ. ನಾನು ಸುಮ್ಮನಿರುವ ಜಾತಿಯಲ್ಲ. ಹುಯಿಯಾಳಿಗೆ ಉಪಾಯ ಹೇಳಿದೆ. ಇನ್ನೊಂದು ಸಲ ಎಣಿಸಿ ಎಂದು ಹಟ ಹಿಡಿಯೋಣ, ಆ ವಾರ ಇರುವ ಸಣ್ಣ ಕಾರನ್ನೆಲ್ಲ ಒಂದೊಂದಾಗಿ ಆಚೆಗೂ ಈಚೆಗೂ ಓಡಿಸೋಣ, ಪೆಟ್ಟಿಗೆಯ ಲೆಕ್ಕ ಸಾವಿರ ಮುಟ್ಟಲಿ ಎಂದೆ. ಅವಳು ಪೈ ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಸುಳ್ಳು ಲೆಕ್ಕದ ಸೇತುವೆ ಮೇಲೆ ನಾನು ಮಕ್ಕಳನ್ನ ಕೂರಿಸ್ಕೊಂಡು ಹೋಗಲ್ಲ ಕಣೇ,” ಅಂದಳು. “ಅಲ್ದೇ ನಿನ್ನ ಮಾತು ಕೇಳಿ ಒಂದ್ಸಲ ಉದ್ಧಾರ ಆಗಿದೀವಿ.”

ನನಗೆ ಚುಚ್ಚಿತು.

ಸಭೆಯ ದಿನ ಊಟದ ಮನೆ ತುಂಬಿತ್ತು. ಒಬ್ಬರಾದ ಮೇಲೆ ಒಬ್ಬರು ಎದ್ದು ಕೂಗಾಡಿದರು. ನಾನು ಎಲ್ಲರಿಗಿಂತ ಹೆಚ್ಚು ಕೂಗಾಡಿದೆ, ತಪ್ಪು ನನ್ನದಾಗಿದ್ದರಿಂದ. ಹೆಡ್ಲಿ ಎಲ್ಲವನ್ನೂ ಬರೆದುಕೊಂಡ. ಕೋಪ ಅರ್ಥವಾಗುತ್ತದೆ, ಆದರೆ ಕೋಪವನ್ನು ಹಾಕಲು ನನ್ನ ಕೋಷ್ಟಕದಲ್ಲಿ ಜಾಗವಿಲ್ಲ, ಓಡಾಟದ ಲೆಕ್ಕ ಬೇಕು ಎಂದ. ಮೆತ್ತಗೆ ಹೇಳಿದ, ಆದರೂ ಅವನನ್ನು ಹೊಳೆಗೆ ತಳ್ಳುವ ಆಸೆ ನನಗೆ ಬಂದದ್ದು ನಿಜ. ಕೊನೆಗೆ ಹುಯಿಯಾ ಅವನ ಹತ್ತಿರ ಹೋಗಿ, ನಾಳೆ ಏಳೂವರೆಗೆ ಬಸ್ಸು ಹೊರಡುತ್ತದೆ, ಬನ್ನಿ ಎಂದಷ್ಟೇ ಹೇಳಿದಳು. ನಾನೂ ಬರುತ್ತೇನೆ ಎಂದೆ. ಯಾರೂ ಕರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಹೋದೆ. ಸೇತುವೆಯ ಮುಂದೆ ಬಸ್ಸು ನಿಂತಿತು. ನಾನು ಇಳಿದೆ. ಹೆಡ್ಲಿ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕೂತೇ ಇದ್ದ.

“ಇಳೀರಿ,” ಅಂದಳು ಹುಯಿಯಾ.

“ಬಸ್ಸು ಖಾಲಿನೇ ಇದೆಯಲ್ಲ. ನಾನೊಬ್ಬ ಕೂತ್ರೆ ಏನಾಗುತ್ತೆ?”

“ಏನೂ ಆಗ್ದೇ ಇರಬಹುದು. ಏನಾದ್ರೂ ಆಗ್ಬಿಟ್ರೆ, ನಿಮ್ಮನೆಯವ್ರಿಗೆ ಹೋಗಿ ಹೇಳೋಕೆ ನಾನು ಇರಲ್ಲ. ಇಳೀರಿ.”

ಅವನು ಇಳಿದ. ನಾವಿಬ್ಬರೂ ನಡೆದು ದಾಟಿದೆವು. ಬಸ್ಸು ಹಿಂದೆ ಬಂತು. ಕಣಿವೆಯೊಳಗೆ ಹನ್ನೆರಡು ಕಿಲೋಮೀಟರು ಹೋಗಿ ಹದಿಮೂರು ಮಕ್ಕಳನ್ನು ಹತ್ತಿಸಿಕೊಂಡು ಮತ್ತೆ ಸೇತುವೆಗೆ ಬಂದೆವು. ಬಸ್ಸು ನಿಲ್ಲುವ ಮೊದಲೇ ಮಕ್ಕಳು ಚೀಲ ಹೆಗಲಿಗೇರಿಸಿ ಎದ್ದು ನಿಂತಿದ್ದರು. ಯಾರೂ ಏನೂ ಹೇಳಬೇಕಾಗಲಿಲ್ಲ. ಟೂಯಿ ಎನ್ನುವ ಏಳು ವರ್ಷದ ಹುಡುಗಿಗೆ ಆ ದಿನ ಜೋಡಿ ಇರಲಿಲ್ಲ, ಅವಳ ಗೆಳತಿಗೆ ಜ್ವರ. ಅವಳು ಸೀದಾ ಹೋಗಿ ಹೆಡ್ಲಿಯ ಕೈ ಹಿಡಿದಳು. ಒಂಟಿಯಾಗಿ ಯಾರೂ ದಾಟುವ ಹಾಗಿಲ್ಲ, ಅದು ಬಸ್ಸಿನ ಕಾನೂನು. ಸಲಹೆ ಕಚೇರಿಯ ಇಂಜಿನಿಯರು ಏಳು ವರ್ಷದ ಹುಡುಗಿಯ ಕೈ ಹಿಡಿದು ಹಲಗೆ ಎಣಿಸುತ್ತಾ ನಡೆದ.

ಈಚೆ ದಂಡೆ ತಲುಪಿದ ಮೇಲೆ ಮಕ್ಕಳು ಆಟಕ್ಕೆ ಓಡಲಿಲ್ಲ. ಎಲ್ಲರೂ ಹಿಂದೆ ತಿರುಗಿ, ಸಾಲಾಗಿ ನಿಂತು, ಬಸ್ಸನ್ನೇ ನೋಡುತ್ತಿದ್ದರು. ಒಬ್ಬರೂ ಪಿಟಿಕ್ಕೆನ್ನಲಿಲ್ಲ. ಹೆಡ್ಲಿ ಬಗ್ಗಿ, ಯಾಕೆ ಎಲ್ಲರೂ ಸುಮ್ಮನಾದಿರಿ ಎಂದು ಟೂಯಿಯನ್ನು ಕೇಳಿದ.

“ಆಂಟಿ ದಾಟೋವರೆಗೂ ಮಾತಾಡಬಾರ್ದು,” ಅಂದಳು ಅವಳು ಪಿಸುದನಿಯಲ್ಲಿ.

“ಆಂಟಿ ಹೇಳಿದಾರಾ?”

“ಇಲ್ಲ. ಯಾರೂ ಹೇಳಿಲ್ಲ.”

ಬಸ್ಸು ಹಲಗೆಯ ಮೇಲೆ ಬಂತು. ಮಕ್ಕಳು ನಡೆಯುವುದಕ್ಕಿಂತ ನಿಧಾನವಾಗಿ ಬರುತ್ತಿತ್ತು. ಹೆಡ್ಲಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವನು ನನ್ನ ಕಡೆ ತಿರುಗಿದ. ಅವರು ಸೀಟ್ ಬೆಲ್ಟು ಯಾಕೆ ಬಿಚ್ಚಿದರು ಎಂದು ಕೇಳಿದ. ಯಾವ ಬೆಲ್ಟು ಎಂದೆ ನಾನು. ಅವನು ಬೆರಳು ಮಾಡಿ ತೋರಿಸಿದ. ಬೆಲ್ಟು ಬಿಚ್ಚಿತ್ತು. ಪಕ್ಕದ ಕಿಟಕಿ ಪೂರ್ತಿ ತೆರೆದಿತ್ತು. ಬಾಗಿಲೂ ತೆರೆದೇ ಇತ್ತು. ಮಾರ್ಚಿನ ಆ ಬೆಳಿಗ್ಗೆ ಗಾಳಿ ಥಂಡಿಯಾಗಿತ್ತು, ಹಾಗೆ ಎಲ್ಲ ತೆರೆದು ಕೂರುವ ಹವೆಯಲ್ಲ.

ಉತ್ತರ ಕೊಟ್ಟವಳು ಟೂಯಿ.

“ಬಿದ್ರೆ ಈಜೋಕೆ,” ಅಂದಳು.

ಊಟಕ್ಕೆ ಏನು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು ಆ ಮಗು. ಅಷ್ಟು ವರ್ಷದಿಂದ ಅವಳಿಗೆ ಪೈ ಕೊಟ್ಟವಳು ನಾನು, ನೂರು ಹೆಜ್ಜೆ ದೂರದಲ್ಲಿ ಕೂತವಳು ನಾನು. ಊರಿನ ಯಾರ ಮನೆಯಲ್ಲಿ ಯಾವ ಪಾತ್ರೆ ಒಡೆಯಿತು ಅಂತ ಗೊತ್ತಿದ್ದ ನನಗೆ ಇದು ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ದಿನಕ್ಕೆ ನಾಲ್ಕು ಸಲ ಅವಳು ಹೊಳೆಗೆ ಬೀಳಲು ತಯಾರಾಗಿ ಕೂರುತ್ತಿದ್ದಳು, ಮಕ್ಕಳಿಗೆ ಅದು ತಿಳಿದಿತ್ತು.

ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಅವಳನ್ನು ಹಿಡಿದು ನಿಲ್ಲಿಸಿದೆ. ಸಿಟ್ಟಿನಲ್ಲೋ ಅಳುವಿನಲ್ಲೋ ನನಗೇ ಗೊತ್ತಿಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ಪೈ ಬಿಸಿ ಮಾಡಿ ಕೊಡ್ತಿದ್ಯಾ?” ಅಂದಳು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು. “ಹೇಳಿದ್ರೆ ಬಸ್ಸು ನಿಲ್ಲಿಸಿಬಿಡ್ತಿದ್ರಿ ವಿಲ್ಮಾ. ಇಲ್ಲಾಂದ್ರೆ ಆ ಸೀಟಲ್ಲಿ ಬೇರೆ ಯಾರನ್ನಾದ್ರೂ ಕೂರಿಸ್ತಿದ್ರಿ. ಯಾರನ್ನ ಕೂರಿಸ್ಲಿ ಹೇಳು?”

ನಾನು ಹೋಗಿ ಅಂಗಡಿಯ ಬೀಗ ತೆಗೆದೆ.

ಹೆಡ್ಲಿ ಅಂದೇ ವೆಲಿಂಗ್ಟನ್ನಿಗೆ ವಾಪಸಾಗಬೇಕಿತ್ತು. ಹೋಗಲಿಲ್ಲ. ನನ್ನ ಅಂಗಡಿಯಿಂದ ಒಂದು ಖಾಲಿ ಹಾಲಿನ ಪೆಟ್ಟಿಗೆ ತೆಗೆದುಕೊಂಡು ಹೋಗಿ, ಸೇತುವೆಯ ಬಾಯಲ್ಲಿ ಬೋರಲು ಹಾಕಿ, ಅದರ ಮೇಲೆ ಕೂತ. ಮೂರು ದಿನ ಬೆಳಿಗ್ಗೆ ಏಳರಿಂದ ಸಂಜೆ ಆರರ ತನಕ ಕೂತು ಎಣಿಸಿದ. ಈ ಸಲ ಎಣಿಸಿದ್ದು ಕಾಲುಗಳನ್ನು, ಕೈಗಾಡಿಗಳನ್ನು. ಮೊದಲ ದಿನ ಇನ್ನೂರ ಹನ್ನೆರಡು ಸಲ ಜನ ದಾಟಿದರು. ಒಬ್ಬೊಬ್ಬರನ್ನೂ ನಿಲ್ಲಿಸಿ, ಎಲ್ಲಿಗೆ, ಯಾಕೆ, ನಿಮ್ಮ ಕಾರೆಲ್ಲಿ, ಓಡಿಸಿಕೊಂಡು ಯಾಕೆ ಬರಲಿಲ್ಲ ಎಂದು ಕೇಳಿದ. ಎಸೆದ ವಾಹನ ಎಂದು ಬರೆದಿದ್ದನಲ್ಲ, ಆ ಹಳೆಯ ಕಾರುಗಳನ್ನು ಒಬ್ಬೊಬ್ಬರಾಗಿ ಬಂದು ಕೀಲಿ ತಿರುಗಿಸಿ ಮನೆಗೆ ಓಡಿಸಿಕೊಂಡು ಹೋಗುವುದನ್ನು ನೋಡುತ್ತಾ ನಿಂತ. ಆಗ ಮೀನಿನ ಕಾಲವೂ ಅಲ್ಲ, ಆದರೂ ಈ ದಂಡೆಯಲ್ಲಿ ಅಷ್ಟೇ ಕಾರು ನಿಂತಿದ್ದವು.

ಎರಡನೇ ದಿನ ಅವನಿಗೆ ಚಹಾ ತೆಗೆದುಕೊಂಡು ಹೋಗಿ ನನ್ನ ತಪ್ಪು ಒಪ್ಪಿಕೊಂಡೆ. ಅವನ ಕೊಳವೆಯ ವಾರ ಸೇತುವೆ ಯಾಕೆ ಅಷ್ಟು ಖಾಲಿ ಇತ್ತು, ಕೈಗಾಡಿಗಳು ಎಲ್ಲಿ ಹೋಗಿದ್ದವು, ಬಣ್ಣ ಬಳಿದವರು ಯಾರು ಎಲ್ಲ ಹೇಳಿದೆ. ಅವನು ಚಹಾದ ಲೋಟ ಕೆಳಗಿಟ್ಟ.

“ನಾನೂ ಕೇಳಬೇಕಿತ್ತು,” ಅಂದ. “ಎರಡು ಸಲ ನಿಮ್ಮ ಊಟ ಉಂಡೆ. ಒಂದು ಸಲನೂ ಆ ಕಾರೆಲ್ಲಾ ಯಾರದು ಅಂತ ಕೇಳ್ಲಿಲ್ಲ. ಮೂವತ್ತು ವರ್ಷದಿಂದ ಇದೇ ಕೆಲಸ ನಂದು.”

ಆವತ್ತು ನನಗೆ ಅವನನ್ನು ಹೊಳೆಗೆ ತಳ್ಳುವ ಆಸೆ ಹೋಯಿತು. ಒಂದು ಪೈ ತಂದುಕೊಟ್ಟೆ. ಬಿಸಿಯಾಗಿದೆ ಎಂದ, ಪುಣ್ಯಾತ್ಮ.

ಜುಲೈಯಲ್ಲಿ ಪಟ್ಟಿ ಹೊರಬಿತ್ತು. ದಪ್ಪ ಪುಸ್ತಕ, ನೂರಾರು ರಸ್ತೆ, ಆಸ್ಪತ್ರೆ, ಅಣೆಕಟ್ಟು. ನಮ್ಮ ಸೇತುವೆ ಮೊದಲ ಐದು ವರ್ಷದ ಕೆಲಸಗಳ ಸಾಲಿನಲ್ಲಿತ್ತು. ಕೆಳಗೆ ಎರಡು ವಾಕ್ಯ. ‘ಈ ಸೇತುವೆಯಾಚೆ ಓಡಾಟ ಕಡಿಮೆ ಎಂದು ಕರಡಿನಲ್ಲಿ ಬರೆದದ್ದು ತಪ್ಪು. ಇದರ ಮೇಲೆ ವಾಹನ ಓಡದಿರುವುದೇ ಹೊಸದು ಬೇಕು ಎನ್ನುವುದಕ್ಕೆ ಸಾಕ್ಷಿ.’ ಇನ್ನುಮುಂದೆ ದೇಶದ ಯಾವ ಸೇತುವೆ ನೋಡಲು ಹೋದರೂ, ಕೊಳವೆ ಹಾಸುವ ಮೊದಲು ಅಲ್ಲಿನ ಶಾಲೆಯ ಬಸ್ಸಿನಲ್ಲಿ ಒಂದು ದಿನ ಕೂತು ಬರಬೇಕೆಂದು ಆ ಕಚೇರಿಯಲ್ಲಿ ನಿಯಮವಾಯಿತಂತೆ. ಹೆಡ್ಲಿ ಹಟ ಹಿಡಿದು ಮಾಡಿಸಿದ್ದೆಂದು ಆಮೇಲೆ ತಿಳಿಯಿತು. ಅವರು ಕೊಟ್ಟದ್ದು ಬರೀ ಸಲಹೆ, ನಿಜ. ಆದರೆ ಮಂತ್ರಿ ಅದಕ್ಕೆ ರುಜು ಹಾಕಿದರು. ಸೇತುವೆ ಪಟ್ಟಿಯಲ್ಲಿದ್ದ ಕಾರಣ ಹಳೆಯದಕ್ಕೆ ಅಲ್ಲಿಯ ತನಕ ಕಬ್ಬಿಣದ ಊರುಗೋಲು ಕೊಟ್ಟರು. ಫಲಕದ ತೂಕ ಇಳಿಯಲಿಲ್ಲ, ಬಸ್ಸು ನಿಲ್ಲಲಿಲ್ಲ, ಒಂದು ಮನೆಯೂ ಕಣಿವೆ ಬಿಡಲಿಲ್ಲ.

ಊರುಗೋಲು ಬಂದ ಮೇಲೂ ಹುಯಿಯಾ ಮಕ್ಕಳನ್ನು ಇಳಿಸುವುದನ್ನು ಬಿಡಲಿಲ್ಲ. ಬೆಲ್ಟು ಬಿಚ್ಚುವುದನ್ನೂ ಬಿಡಲಿಲ್ಲ. ನಾನು ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ನಿಂತು ಅವಳು ದಾಟುವ ತನಕ ನೋಡುತ್ತಿದ್ದೆ, ಮಾತಾಡದೆ. ನಾನು ಮಾತಾಡದೆ ನಿಲ್ಲುತ್ತೇನೆಂದರೆ ಊರಿನವರು ನಂಬಲಿಲ್ಲ.

ನಾಲ್ಕು ವರ್ಷದ ನಂತರ ಸಿಮೆಂಟಿನ ಸೇತುವೆ ತೆರೆಯಿತು. ಎರಡು ಗಾಡಿ ಎದುರುಬದುರು ಹೋಗುವಷ್ಟು ಅಗಲ. ಭಾಷಣಗಳಾದವು, ಹಿರಿಯರು ಪ್ರಾರ್ಥನೆ ಮಾಡಿದರು, ಹೆಡ್ಲಿ ಬಂದು ಊಟ ಮಾಡಿ ಮತ್ತೆ ಬೆಲ್ಟು ಸಡಿಲಿಸಿಕೊಂಡ. ಅದೆಲ್ಲ ಭಾನುವಾರ. ನನಗೆ ಬೇಕಾಗಿದ್ದದ್ದು ಸೋಮವಾರ.

ಸೋಮವಾರ ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದೆ. ಈ ಸಲವೂ ಯಾರೂ ಕರೆದಿರಲಿಲ್ಲ. ಕಣಿವೆಯಿಂದ ಹದಿನೆಂಟು ಮಕ್ಕಳು ಹತ್ತಿದರು, ನಾಲ್ವರು ಹೊಸಬರು. ವಾಪಸು ಬರುವಾಗ ಹೊಸ ಸೇತುವೆ ಕಂಡ ಕೂಡಲೇ ಬಸ್ಸು ನಿಧಾನವಾಯಿತು, ಅದರ ಬಾಯಲ್ಲಿ ನಿಂತೇಬಿಟ್ಟಿತು. ಮಕ್ಕಳೆಲ್ಲ ಚೀಲ ಹೆಗಲಿಗೇರಿಸಿ ಎದ್ದು, ಜೋಡಿಯಾಗಿ ಕೈ ಹಿಡಿದು, ಬಾಗಿಲ ಕಡೆ ಮುಖ ಮಾಡಿ ನಿಂತಿದ್ದರು. ಹುಯಿಯಾಳ ಕೈ ಬೆಲ್ಟಿನ ಗುಂಡಿಯ ಮೇಲಿತ್ತು. ಅದು ಅಲ್ಲಿ ಇದ್ದದ್ದು ಅವಳಿಗೇ ಆಮೇಲೆ ಗೊತ್ತಾಯಿತು. ಕನ್ನಡಿಯಲ್ಲಿ ಮಕ್ಕಳನ್ನು ನೋಡಿದಳು. ಕೈ ತೆಗೆದು, ಬೆಲ್ಟನ್ನು ಎಳೆದು ಗಟ್ಟಿ ಮಾಡಿಕೊಂಡಳು.

“ಕೂತ್ಕೊಳ್ಳಿ,” ಅಂದಳು. ಒಬ್ಬರೂ ಕೂರಲಿಲ್ಲ. “ಕೂತ್ಕೊಳ್ರೋ. ಇವತ್ತು ಎಲ್ಲಾರೂ ಒಟ್ಟಿಗೆ ಹೋಗೋಣ.”

ಕೂತರು. ಬಸ್ಸು ಸೇತುವೆ ಹತ್ತಿತು. ಹಲಗೆಯ ಸದ್ದಿಲ್ಲ, ಅಲುಗಾಟವಿಲ್ಲ, ಒಳಗೆ ಉಸಿರಾಟವೂ ಕೇಳುತ್ತಿರಲಿಲ್ಲ. ಹದಿನೆಂಟು ಮಕ್ಕಳೂ ತುಟಿ ಬಿಗಿಹಿಡಿದು ಕೂತಿದ್ದರು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನಡುಸೇತುವೆ ದಾಟಿದ ಮೇಲೆ ಹಿಂದಿನ ಸಾಲಿನಿಂದ ಟೂಯಿ, ಈಗ ಅವಳಿಗೆ ಹನ್ನೊಂದು ತುಂಬಿತ್ತು, ಮೆಲ್ಲಗೆ ಕೇಳಿದಳು.

“ಆಂಟಿ, ಈಗ ಮಾತಾಡಬಹುದಾ?”

ಹುಯಿಯಾ ಕನ್ನಡಿಯಲ್ಲಿ ಅವಳನ್ನು ನೋಡಿದಳು.

“ಮಾತಾಡು ಮಗಳೇ,” ಅಂದಳು.

ಆಮೇಲೆ ಶಾಲೆ ಬರುವ ತನಕ ಆ ಬಸ್ಸಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ, ನನ್ನದೂ ಸೇರಿ.